ಮುಗಿಯದ ಅಜ್ಞಾತವಾಸ: ಕಾಮಿಕ್ಸ್ ನಾಯಕರು ಮತ್ತು ಗುಜರಾತಿನ ಒಂದು ಚಿತ್ರ

ಅಜ್ಞಾತವಾಸವು ಕನ್ನಡ ಕಾವ್ಯಪರಂಪರೆಗೆ ಚಿರಪರಿಚಿತವಾದ ಆಶಯ. ಕುಮಾರವ್ಯಾಸನ ವಿರಾಟಪರ್ವದಲ್ಲಿ ಅರ್ಜುನನು ಬೃಹನ್ನಳೆಯಾಗಿ ಉತ್ತರೆಗೆ ನಾಟ್ಯ ಕಲಿಸುತ್ತಾನೆ. ಸಮಯ ಬಂದಾಗ ವೇಷ ಕಳಚಿ ವೀರನಾಗುತ್ತಾನೆ. 1938ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಸೂಪರ್‌ಮ್ಯಾನ್‌ನಿಂದ ಮೊದಲ್ಗೊಂಡು ಕಾಮಿಕ್ಸ್ ನಾಯಕರಲ್ಲಿಯೂ ಇದೇ ವಿನ್ಯಾಸವಿದೆ: ಹೊರಗೆ ಸಾಮಾನ್ಯನ ಬಾಳು, ಒಳಗೆ ಮುಚ್ಚಿಟ್ಟ ನಿಜರೂಪ. 'ಇಂದ್ರಜಾಲ' ಕಾಮಿಕ್ಸ್ ಮಾಲೆಯ (1964-1990) ಮೂಲಕ ಮುಖವಾಡದ ಫ್ಯಾಂಟಮ್ ಕನ್ನಡಕ್ಕೂ ಗುಜರಾತಿಗೂ ಬಂದನು. ಇಂತಹ ಕಥೆಗಳಲ್ಲಿ ಸಲಿಂಗಪ್ರೇಮಿ ಓದುಗರು ತಮ್ಮ ಬಾಳಿನ ನೆರಳನ್ನು ಕಂಡುದು ಸಹಜವೇ. ಆದರೆ ಅವರ ಅಜ್ಞಾತವಾಸಕ್ಕೆ ಒಂದು ವರ್ಷದ ಗಡುವಿರಲಿಲ್ಲ.

ಅಮೆರಿಕದ ಕಾಮಿಕ್ಸ್ ಪ್ರಕಾಶಕರು 1954ರಲ್ಲಿ ಒಪ್ಪಿಕೊಂಡ ನೀತಿಸಂಹಿತೆಯು ಸಲಿಂಗಪ್ರೇಮದ ಸೂಚನೆಗೂ ಎಡೆಗೊಡಲಿಲ್ಲ. 1989ರ ಪರಿಷ್ಕರಣೆಯಲ್ಲಿ ಈ ನಿರ್ಬಂಧ ಸಡಿಲವಾಯಿತು. ಮಾರ್ವೆಲ್ ಸಂಸ್ಥೆಯ ನಾರ್ತ್‌ಸ್ಟಾರ್ 1979ರಲ್ಲಿಯೇ ಕಾಣಿಸಿಕೊಂಡರೂ ತನ್ನ ನಿಜವನ್ನು ನುಡಿದುದು 1992ರಲ್ಲಿ. ಅವನ ವಿವಾಹ ನಡೆದುದು 2012ರಲ್ಲಿ. ಪಠ್ಯವು ಮೌನವಾಗಿದ್ದ ಕಾಲದಲ್ಲಿ ಸುಳಿವುಗಳನ್ನು ಹೆಕ್ಕಿ ಅರ್ಥ ಕಟ್ಟಿದವರು ಓದುಗರು. ಆದ್ದರಿಂದ ಅಭಿಮಾನಿ ಸಮುದಾಯವೆಂಬುದು ಕೇವಲ ಮೆಚ್ಚುವವರ ಗುಂಪಲ್ಲ; ಅದು ಧ್ವನಿಯನ್ನು ಗ್ರಹಿಸುವ ಸಹೃದಯರ ಕೂಟ.

ಗುಜರಾತಿನ ರಂಗಭೂಮಿಯು ಇಂತಹ ಕೂಟದ ಇನ್ನೊಂದು ಮುಖವನ್ನು ತೋರಿಸುತ್ತದೆ. ಮುಂದೆ ಅಹಮದಾಬಾದಿನ ನಟಮಂಡಲದಲ್ಲಿ ದುಡಿದ ಜಯಶಂಕರ 'ಸುಂದರಿ' (1889-1975) ತಾರುಣ್ಯದಲ್ಲಿ ಸ್ತ್ರೀಪಾತ್ರಗಳಿಂದ ಪ್ರಸಿದ್ಧರಾದರು. ಮುಂಬಯಿಯ ಹೆಂಗಸರು ಅವರ ಉಡುಗೆಯನ್ನು ಅನುಕರಿಸಿದರು. 1971ರಲ್ಲಿ ಪದ್ಮಭೂಷಣವೂ ಸಂದಿತು. ಆದರೆ ಈ ಮನ್ನಣೆ ಪಾತ್ರಕ್ಕೆ ಸಂದುದೇ ಹೊರತು, ಬದುಕಿನಲ್ಲಿ ಭಿನ್ನವಾಗಿರುವವರಿಗೆ ಸಂದುದಲ್ಲ. ಬೃಹನ್ನಳೆಗೆ ದೊರೆತ ಮರ್ಯಾದೆಯೂ ಇಂಥದೇ.

ಪಾತ್ರದ ಆಸರೆಯಿಲ್ಲದೆ ಮಾತನಾಡಿದವರು ವಡೋದರದ ಕಲಾವಿದ ಭೂಪೇನ್ ಖಖ್ಖರ್ (1934-2003). ವೃತ್ತಿಯಿಂದ ಲೆಕ್ಕಪರಿಶೋಧಕರಾಗಿದ್ದ ಅವರ 1981ರ ಚಿತ್ರದ ಹೆಸರು 'ಯು ಕಾಂಟ್ ಪ್ಲೀಸ್ ಆಲ್'. ಎಲ್ಲರನ್ನೂ ಮೆಚ್ಚಿಸಲಾಗದು ಎಂದರ್ಥ. ತಂದೆ, ಮಗ ಮತ್ತು ಕತ್ತೆಯ ನೀತಿಕಥೆ ಇದರ ವಸ್ತು. ಕಾಮಿಕ್ಸಿನಲ್ಲಿ ಬಿಡಿ ಚೌಕಗಳಾಗಿ ಬರಬಹುದಾದ ಘಟನೆಗಳು ಇಲ್ಲಿ ಒಂದೇ ಚೌಕಟ್ಟಿನಲ್ಲಿವೆ. ಬಾಲ್ಕನಿಯಲ್ಲಿ ನಿಂತ ಬೆತ್ತಲೆ ಪುರುಷನೊಬ್ಬ ಅವನ್ನು ನೋಡುತ್ತಿದ್ದಾನೆ. ಈ ಚಿತ್ರವನ್ನು ಕಲಾವಿದನ ಆತ್ಮನಿವೇದನೆಯೆಂದೇ ವಿಮರ್ಶಕರು ಓದಿದ್ದಾರೆ. ಊರಿನವರ ಮಾತಿಗೆ ತಲೆಬಾಗಿದವರು ಕೆಳಗಿದ್ದಾರೆ, ತಲೆಬಾಗಲೊಲ್ಲದವನು ಮೇಲಿದ್ದಾನೆ. ಅವನಿಗೆ ಅತಿಮಾನುಷ ಶಕ್ತಿಯಿಲ್ಲ, ಮುಖವಾಡವೂ ಇಲ್ಲ. ನಾರ್ತ್‌ಸ್ಟಾರ್ ನುಡಿಯುವುದಕ್ಕೆ ಹನ್ನೊಂದು ವರ್ಷ ಮೊದಲೇ ಈ ಚಿತ್ರ ಮೂಡಿತೆಂಬುದು ಗಮನಾರ್ಹ.

2013ರಲ್ಲಿ ಸೂರತ್‌ನ ಬೀದಿಯಲ್ಲಿ ಲೈಂಗಿಕ ಅಲ್ಪಸಂಖ್ಯಾತರ ಮೆರವಣಿಗೆ ನಡೆಯಿತು. 2018ರ ಸೆಪ್ಟೆಂಬರ್ 6ರಂದು ಸರ್ವೋಚ್ಚ ನ್ಯಾಯಾಲಯವು ವಯಸ್ಕರ ಸಮ್ಮತಿಯ ಸಲಿಂಗಸಂಬಂಧವನ್ನು ಅಪರಾಧದ ಪಟ್ಟಿಯಿಂದ ಹೊರಗಿಟ್ಟಿತು. ಕಾನೂನು ಗಡುವನ್ನು ಮುಗಿಸಬಲ್ಲದು; ಅಜ್ಞಾತವಾಸವನ್ನು ಮುಗಿಸಬೇಕಾದುದು ಸಮಾಜ. ಬೃಹನ್ನಳೆಯು ಅರ್ಜುನನಾದಾಗ ಮಾತ್ರ ಗೌರವಿಸುವ ಓದು ಅಪೂರ್ಣವಾದುದು. ಬೃಹನ್ನಳೆಯನ್ನು ಬೃಹನ್ನಳೆಯಾಗಿಯೇ ಕಾಣುವುದು ಇಂದಿನ ಸಹೃದಯನ ಹೊಣೆ.