ಆಟವೂ ಪಾಠವೂ

ಆಟವಾಡಿದರೆ ಓದು ಕೆಡುವುದೆಂಬ ಮಾತನ್ನು ನಾವೆಲ್ಲರೂ ಕೇಳಿರುವೆವು. ಇದಕ್ಕೆ ಉತ್ತರವಾಗಿ ಕೆನಡಾದ ಹೇಲಿ ವಿಕನ್‌ಹೈಸರ್ ಎಂಬ ಮಹಿಳೆಯ ಚರಿತ್ರೆಯನ್ನು ವಾಚಕರ ಮುಂದಿಡಬಯಸುತ್ತೇನೆ.

ಐಸ್ ಹಾಕಿಯೆಂದರೆ ಸ್ಕೇಟು ತೊಟ್ಟು ಮಂಜುಗಡ್ಡೆಯ ಮೇಲೆ ಆಡುವ ಆಟ. ಚೆಂಡಿನ ಬದಲು ಚಪ್ಪಟೆಯಾದ ರಬ್ಬರ್ ಬಿಲ್ಲೆ. 1978ರಲ್ಲಿ ಜನಿಸಿದ ಹೇಲಿ ಇದನ್ನು ಹುಡುಗರ ತಂಡಗಳಲ್ಲಿ ಆಡಿ ಕಲಿತರು. ಹದಿನೈದನೆಯ ವಯಸ್ಸಿಗೇ ರಾಷ್ಟ್ರೀಯ ತಂಡವನ್ನು ಸೇರಿದರು. 1998ರಲ್ಲಿ ಮಹಿಳೆಯರ ಐಸ್ ಹಾಕಿಗೆ ಒಲಿಂಪಿಕ್ಸ್‌ನಲ್ಲಿ ಮೊದಲ ಬಾರಿ ಸ್ಥಾನ ದೊರೆಯಿತು. ಅಂದು ಕೆನಡಾ ಅಮೆರಿಕಕ್ಕೆ ಸೋತು ಬೆಳ್ಳಿಗೆ ತೃಪ್ತಿಪಡಬೇಕಾಯಿತು. ಹೇಲಿ ಧೃತಿಗೆಡಲಿಲ್ಲ, 2002, 2006, 2010, 2014ರಲ್ಲಿ ತಂಡದೊಡನೆ ಚಿನ್ನ ಗೆದ್ದರು. 2003ರಲ್ಲಿ ಫಿನ್ಲೆಂಡಿನ ಪುರುಷರ ವೃತ್ತಿಪರ ತಂಡದಲ್ಲಿ ಆಡಿ ಗೋಲು ಹೊಡೆದರು.

2017ರಲ್ಲಿ ನಿವೃತ್ತರಾದ ಈಕೆ, 2021ರಲ್ಲಿ ಕ್ಯಾಲ್ಗರಿ ವಿಶ್ವವಿದ್ಯಾನಿಲಯದಿಂದ ವೈದ್ಯಪದವಿ ಪಡೆದರು. ಆಟಕ್ಕೂ ಪಾಠಕ್ಕೂ ವೈರವಿಲ್ಲವೆಂಬುದಕ್ಕೆ ಬೇರೆ ಸಾಕ್ಷಿ ಬೇಕೆ?