‘ಇಂಜಿನಿಯರಿಂಗ್ ಓದಿ ಇನ್ಶೂರೆನ್ಸ್ ಯಾಕೆ?’

ಎಲ್‌ಐಸಿಯ ಎಎಒ ಜನರಲಿಸ್ಟ್ ಹುದ್ದೆಗೆ ಯಾವ ಪದವಿ ಆದರೂ ನಡೆಯುತ್ತೆ. ಪ್ರಿಲಿಮ್ಸ್, ಮೇನ್ಸ್ ದಾಟಿದ ಮೇಲೆ ಇಂಟರ್‌ವ್ಯೂ. ಅಲ್ಲಿ ನಮ್ಮಂಥವರು ತಯಾರಾಗಿರಬೇಕಾದ ಮೊದಲ ಪ್ರಶ್ನೆಯೇ ಮೇಲಿನದು.

‘ಜಾಬ್ ಸೆಕ್ಯುರಿಟಿ ಸರ್’ ಅಂದರೆ ಮಾತು ಅಲ್ಲಿಗೇ ಮುಗೀತು. ನಾವು ಓದಿದ ಪ್ರಾಬಬಿಲಿಟಿಯಿಂದ ಶುರು ಮಾಡಿ. ಒಂದೇ ವಯಸ್ಸಿನ 1,000 ಜನ ತಲಾ 10 ಲಕ್ಷ ರೂಪಾಯಿಯ ಒಂದು ವರ್ಷದ ಟರ್ಮ್ ಪಾಲಿಸಿ ತಗೊಂಡರು ಅಂತಿಟ್ಟುಕೊಳ್ಳಿ. ಅವರಲ್ಲಿ ಇಬ್ಬರು ತೀರಿಕೊಂಡರೆ ಕೊಡಬೇಕಾದ್ದು 20 ಲಕ್ಷ, ಅಂದರೆ ತಲೆಗೆ 2,000. ಅದಕ್ಕೆ ಕಂಪನಿಯ ಖರ್ಚು ಸೇರಿಸಿದರೆ ಪ್ರೀಮಿಯಂ. ಆ ಇಬ್ಬರು ಯಾರು ಅನ್ನೋದು ಯಾರಿಗೂ ಗೊತ್ತಿಲ್ಲ. ಎಷ್ಟು ಜನ ಅನ್ನೋದನ್ನ ಅಂದಾಜು ಮಾಡಬಹುದು. ಗುಂಪು ದೊಡ್ಡದಾದಷ್ಟೂ ಅಂದಾಜು ಗಟ್ಟಿ. ಇದನ್ನ ಮನೇಲಿ ಅಜ್ಜಿಗೆ ಅರ್ಥವಾಗೋ ಹಾಗೆ ಹೇಳಿ ಅಭ್ಯಾಸ ಮಾಡಿ.

ನೆನಪಿರಲಿ: 1956ರ ಸೆಪ್ಟೆಂಬರ್ 1ರಂದು 245 ವಿಮಾ ಸಂಸ್ಥೆಗಳನ್ನು ಒಗ್ಗೂಡಿಸಿ ಎಲ್‌ಐಸಿ ಶುರುವಾಯಿತು, 2022ರ ಮೇ ತಿಂಗಳಲ್ಲಿ ಷೇರುಪೇಟೆಗೆ ಬಂತು. ವಿಮಾ ಕ್ಷೇತ್ರದ ನಿಯಂತ್ರಕ ಐಆರ್‌ಡಿಎಐ. ಟರ್ಮ್ ಪಾಲಿಸಿಯಲ್ಲಿ ಅವಧಿ ಮುಗಿಯೋವರೆಗೆ ಬದುಕಿದ್ದರೆ ಸಾಮಾನ್ಯವಾಗಿ ಹಣ ಬರಲ್ಲ, ಎಂಡೋಮೆಂಟ್‌ನಲ್ಲಿ ಬರುತ್ತೆ.

ಇನ್ನು ಬ್ಯಾಕ್‌ಲಾಗ್ ವಿಷಯ. ಪಾಲಿಸಿ ಮಾಡಿಸೋರು ತಮ್ಮ ಕಾಯಿಲೆಯನ್ನ ಮುಚ್ಚಿಡಬಾರದು; ವಿಮೆ ನಿಂತಿರೋದೇ ಈ ನಂಬಿಕೆ ಮೇಲೆ. ಕೇಳಿದರೆ ನೀವೂ ಮುಚ್ಚಿಡಬೇಡಿ. ‘ಮೂರನೇ ಸೆಮಿಸ್ಟರಲ್ಲಿ ಮ್ಯಾಥ್ಸ್ ಉಳಿದಿತ್ತು, ಆಮೇಲೆ ಹೀಗೆ ಓದಿ ಪಾಸ್ ಮಾಡಿದೆ’ ಅಂತ ನೇರವಾಗಿ ಹೇಳಿ. ನಾಳೆ ನೀವು ಇನ್ನೊಬ್ಬರಿಂದ ಕೇಳಬೇಕಾದ್ದೂ ಇಂಥದೇ ನೇರ ಉತ್ತರ.