ಕಣ್ಣಿನ ತುರಿಕೆಯನ್ನು ಗೆಲ್ಲಿ: ತುರ್ಭೆಯ ಓದುವವರಿಗೆ, ದುಡಿಯುವವರಿಗೆ 6 ಸೂತ್ರಗಳು

ಬೋರ್ಡ್ ಪರೀಕ್ಷೆ ಬರುವ ಫೆಬ್ರವರಿ-ಮಾರ್ಚ್‌ನಲ್ಲೇ ಚಳಿ ಸರಿದು ಒಣಹವೆ ಶುರುವಾಗುತ್ತದೆ. ತುರ್ಭೆಯಲ್ಲಿ ಅದರ ಜೊತೆಗೆ ಎಂಐಡಿಸಿ ಧೂಳು, ಠಾಣೆ-ಬೇಲಾಪುರ ರಸ್ತೆಯ ಲಾರಿ ಹೊಗೆ. ಆಗ ಕಣ್ಣು ಕೆಂಪಾದರೆ "ನಿದ್ದೆಗೆಟ್ಟಿದ್ದೇನೆ, ಅಷ್ಟೇ" ಅನ್ನಬೇಡಿ. ಆ ಅಸಡ್ಡೆಯನ್ನು ಇವತ್ತೇ ಬಿಡಿ.

1. ತುರಿಕೆಯನ್ನು ಗುರುತಿಸಿ. ಎರಡೂ ಕಣ್ಣು ತುರಿಸಿ ನೀರು ಸುರಿಯುತ್ತಿದೆಯೇ? ಜೊತೆಗೆ ಸೀನು, ಮೂಗು ಸೋರುವುದೂ ಇದೆಯೇ? ಪ್ರತಿ ವರ್ಷ ಇದೇ ಸೀಸನ್ನಿನಲ್ಲಿ ಬರುತ್ತದೆಯೇ? ಹಾಗಿದ್ದರೆ ಅಲರ್ಜಿಯೇ ಇರಬಹುದು. ಶುರುವಾದ ತಿಂಗಳನ್ನು ಮೊಬೈಲಿನಲ್ಲಿ ಬರೆದಿಡಿ. ಡಾಕ್ಟರ್ ಅದನ್ನು ಕೇಳಬಹುದು. ಎಪಿಎಂಸಿ ಮಸಾಲಾ ಮಾರ್ಕೆಟ್‌ನ ಮೆಣಸಿನಕಾಯಿ ಘಾಟು ಬೇರೆ. ಅದು ಉರಿ, ಹೊರಗೆ ಬಂದ ಮೇಲೆ ಇಳಿಯುತ್ತದೆ.

2. ಮದ್ರಾಸ್ ಐ ಅಂದುಕೊಳ್ಳಬೇಡಿ. 2023ರ ಮಳೆಗಾಲದಲ್ಲಿ ಮಹಾರಾಷ್ಟ್ರದ ತುಂಬ ಹರಡಿದ ಮದ್ರಾಸ್ ಐ ಅಂಟುವ ಸೋಂಕು. ಅಲರ್ಜಿ ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ. ಹಳದಿ ಗೀಜು ಬಂದು ಬೆಳಿಗ್ಗೆ ರೆಪ್ಪೆ ಅಂಟಿಕೊಂಡಿದ್ದರೆ ಸೋಂಕಿನ ಶಂಕೆ ಇಟ್ಟುಕೊಳ್ಳಿ, ಟವೆಲ್ ಬೇರೆ ಮಾಡಿ.

3. ಮಕ್ಕಳ ಕಣ್ಣನ್ನು ಬೆಳಕಿನಲ್ಲಿ ನೋಡಿ. ವರ್ನಲ್ ಎಂಬ ಜೋರು ಅಲರ್ಜಿ ಸಾಮಾನ್ಯವಾಗಿ 10 ವರ್ಷದೊಳಗೆ ಶುರುವಾಗುತ್ತದೆ, ಗಂಡುಮಕ್ಕಳಲ್ಲಿ ಹೆಚ್ಚು. ಎಳೆ ಎಳೆಯಾಗಿ ಬರುವ ಬಿಳಿ ಗೀಜು, ಬಿಸಿಲಿಗೆ ಕಣ್ಣು ಬಿಡಲಾಗದಿರುವುದು, ಕಪ್ಪುಗುಡ್ಡೆಯ ಅಂಚಿನಲ್ಲಿ ಬಿಳಿ ಚುಕ್ಕೆ ಇದರ ಗುರುತು. ಮೇಲಿನ ರೆಪ್ಪೆಯ ಒಳಗೆ ಗಂಟು ಗಂಟಾದ ಉಬ್ಬುಗಳಿರುತ್ತವೆ. ಅದನ್ನು ಡಾಕ್ಟರೇ ಮಗುಚಿ ನೋಡಲಿ. ಹುಡುಗ ಪುಸ್ತಕ ಮುಚ್ಚಿಟ್ಟರೆ ಸೋಮಾರಿ ಎಂದು ಬೈಯುವ ಮುನ್ನ ಕಣ್ಣು ನೋಡಿ. ಹೆಚ್ಚಿನವರಿಗೆ ಹದಿಹರೆಯ ದಾಟುವಷ್ಟರಲ್ಲಿ ಈ ಅಲರ್ಜಿ ಇಳಿಯುತ್ತದೆ. ಅಲ್ಲಿಯವರೆಗೆ ಕಣ್ಣು ಕೆಡದಂತೆ ಕಾಯುವುದು ನಿಮ್ಮ ಕೆಲಸ.

4. ಉಜ್ಜುವುದನ್ನು ನಿಲ್ಲಿಸಿ. ವರ್ಷಗಟ್ಟಲೆ ಉಜ್ಜಿದರೆ ಕಾರ್ನಿಯಾ (ಕಪ್ಪುಗುಡ್ಡೆಯ ಮುಂದಿನ ಪಾರದರ್ಶಕ ಪದರ) ತೆಳುವಾಗಿ ಮುಂದಕ್ಕೆ ಚೂಪಾಗಬಹುದು. ಅದೇ ಕೆರಟೋಕೋನಸ್. ಕನ್ನಡಕದ ನಂಬರ್ ಪದೇ ಪದೇ ಬದಲಾದರೆ ಕಾರ್ನಿಯಾ ಟೆಸ್ಟ್ ಮಾಡಿಸಿ. ತುರಿಸಿದಾಗ ತಣ್ಣೀರಲ್ಲಿ ಹಿಂಡಿದ ಬಟ್ಟೆಯನ್ನು ಮುಚ್ಚಿದ ಕಣ್ಣಿನ ಮೇಲಿಡಿ. ಕಾಂಟ್ಯಾಕ್ಟ್ ಲೆನ್ಸ್ ತೆಗೆದಿಡಿ. ಹರಳೆಣ್ಣೆ, ಕಾಡಿಗೆ, ಎದೆಹಾಲು ಕಣ್ಣಿಗೆ ಹಾಕಬೇಡಿ, ಊರಿಂದ ಬಂದ ಅಜ್ಜಿ ಹೇಳಿದರೂ ಸರಿ.

5. ಮೆಡಿಕಲ್ ಸ್ಟೋರಿನಲ್ಲಿ ಕೇಳಿ ಡ್ರಾಪ್ಸ್ ತರಬೇಡಿ. ಸ್ಟೀರಾಯ್ಡ್ ಡ್ರಾಪ್ಸ್ ಹಾಕಿದರೆ ಎರಡೇ ದಿನದಲ್ಲಿ ಹಾಯೆನಿಸುತ್ತದೆ. ಅಪಾಯ ಇರುವುದೇ ಅಲ್ಲಿ. ತಿಂಗಳುಗಟ್ಟಲೆ ಹಾಕಿದರೆ ಕಣ್ಣಿನ ಒತ್ತಡ ಏರಿ ಗ್ಲಾಕೋಮಾ ಬರಬಹುದು, ಕ್ಯಾಟರಾಕ್ಟ್ ಕೂಡ. ಗ್ಲಾಕೋಮಾದಲ್ಲಿ ಹೋದ ದೃಷ್ಟಿ ಮರಳುವುದಿಲ್ಲ. ಹಳೆಯ ಚೀಟಿ ತೋರಿಸಿ ಮತ್ತೆ ಕೊಳ್ಳಬೇಡಿ. "ಇದರಲ್ಲಿ ಸ್ಟೀರಾಯ್ಡ್ ಇದೆಯೇ, ಯಾವಾಗ ನಿಲ್ಲಿಸಬೇಕು?" ಎಂದು ಡಾಕ್ಟರನ್ನೇ ಕೇಳಿ. ಒಲೊಪಟಡೀನ್‌ನಂಥ ಅಲರ್ಜಿ ಡ್ರಾಪ್ಸ್ ಸ್ಟೀರಾಯ್ಡ್ ಅಲ್ಲ. ಬರೆದುಕೊಟ್ಟರೆ ತಪ್ಪದೆ ಹಾಕಿ.

6. ತಡ ಮಾಡಬೇಡಿ. ನೋವು, ಮಂಜು ಕಂಡರೆ, ಬೆಳಕು ಚುಚ್ಚಿದರೆ ಪರೀಕ್ಷೆ ಮುಗಿಯಲಿ, ಸಂಬಳ ಬರಲಿ ಎಂದು ಕಾಯಬೇಡಿ. ಕಾರ್ನಿಯಾದಲ್ಲಿ ಹುಣ್ಣಾಗಿರಬಹುದು. ತುರ್ಭೆಯಿಂದ ನೆರೂಳಿಗೆ ನೇರ ಲೋಕಲ್ ಇದೆ, ಅಲ್ಲಿನ ಡಿ.ವೈ. ಪಾಟೀಲ ಮೆಡಿಕಲ್ ಕಾಲೇಜಿನ ಆಸ್ಪತ್ರೆಯಲ್ಲಿ ಕಣ್ಣಿನ ವಿಭಾಗವಿದೆ. ಬಳಸಿದ ಎಲ್ಲ ಡ್ರಾಪ್ಸ್ ಬಾಟಲಿಗಳನ್ನು ಚೀಲಕ್ಕೆ ಹಾಕಿಕೊಂಡು ಅವತ್ತೇ ಹೊರಡಿ.